ಕೋಳಿ ಶೆಡ್ಡಿನ ಸಿಳ್ಳೆ

ಮೂರು ಸಾವಿರ ಕೋಳಿಗಳ ಗದ್ದಲದಲ್ಲಿ ಒಂದು ಕೋಳಿ ಸೀನಿದ್ದು ಕೇಳಿಸಬೇಕೆಂದರೆ ಸಿಳ್ಳೆ ಹಾಕಬೇಕು. ಬಾಗಿಲಲ್ಲಿ ನಿಂತು, ಎರಡು ಬೆರಳು ಬಾಯಿಗಿಟ್ಟು, ಒಂದೇ ಸಲ, ಜೋರಾಗಿ. ಅಲ್ಲಿಯವರೆಗೆ ಕಿವಿ ಕಿತ್ತುಹೋಗುವಂತೆ ಕೂಗುತ್ತಿದ್ದ ಹಿಂಡು ಗಪ್ಪನೆ ಬಾಯಿ ಮುಚ್ಚುತ್ತದೆ. ಹತ್ತು ಎಣಿಸುವಷ್ಟು ಹೊತ್ತು, ಅಷ್ಟೇ. ಯಾರಿಗೆ ಸೀನು, ಯಾರಿಗೆ ಗೊರಗೊರ, ಎಲ್ಲ ಆ ಹತ್ತರೊಳಗೆ ಕೇಳಿಸಿಕೊಂಡುಬಿಡಬೇಕು. ಆಮೇಲೆ ಸಂತೆ ಮತ್ತೆ ಶುರು.

ಈ ವಿದ್ಯೆಯನ್ನು ಅವಳು ಅಪ್ಪನಿಂದ ಕಲಿತು ಗಂಡನ ಮನೆಗೆ ತಂದವಳು. ಮೊದಲ ದಿನ ಸೊಸೆ ಸಿಳ್ಳೆ ಹಾಕಿದ್ದು ಕೇಳಿ ಅತ್ತೆ ಮೂರು ದಿನ ಮುಖ ಕೊಟ್ಟು ಮಾತಾಡಿರಲಿಲ್ಲ. ಈಗ ಅದೇ ಅತ್ತೆ, ಮಧ್ಯಾಹ್ನ ಊಟದ ತಟ್ಟೆ ಹಾಕುವ ಮೊದಲು, ಸಿಳ್ಳೆ ಆಯಿತೇ ಎಂದು ಕೇಳದೆ ಅನ್ನ ಬಡಿಸುವುದಿಲ್ಲ.

ಆ ಮಧ್ಯಾಹ್ನವೂ ಹಾಕಿದಳು. ಶೆಡ್ಡು ಮೌನವಾಯಿತು. ಒಂದು, ಎರಡು ಎಂದು ಎಣಿಸತೊಡಗಿದಳು. ಎಡಗಡೆ ಮೂಲೆಯಲ್ಲಿ ಒಂದು ಸೀನಿತು. ಅದರ ಹಿಂದೆಯೇ ಮತ್ತೊಂದು. ನಡುವಿನ ಅಂಕಣದಲ್ಲಿ ಮೂರು. ಬಾಗಿಲ ಹತ್ತಿರವೇ ಎರಡು. ಹತ್ತು ಎಣಿಸುವುದರೊಳಗೆ ಎಷ್ಟಾಯಿತೆಂದು ಲೆಕ್ಕ ತಪ್ಪಿಹೋಯಿತು.

"ಹನ್ನೊಂದು," ಎಂದ ಹಿಂದೆ ನಿಂತಿದ್ದ ಗಂಡ.

ಏಳು ವರ್ಷದ ಹಿಂದೆ ಹೀಗೆಯೇ ಆಗಿತ್ತು. ಸೋಮವಾರ ನಾಲ್ಕು ಸೀನು, ಗುರುವಾರ ಹೊತ್ತಿಗೆ ಶೆಡ್ಡಿನಲ್ಲಿ ನಿಂತಿರುವ ಕೋಳಿಗಳಿಗಿಂತ ಬಿದ್ದಿರುವವೇ ಹೆಚ್ಚು. ಹಿತ್ತಲಲ್ಲಿ ಗುಂಡಿ ತೋಡಿ, ಸುಣ್ಣ ಹಾಕಿ, ಒಂದೊಂದೇ ಬುಟ್ಟಿ ಸುರಿದದ್ದು ಗಂಡನೇ. ಆ ಗುಂಡಿಯ ಜಾಗದಲ್ಲಿ ಅವನು ಇವತ್ತಿಗೂ ಕಾಲಿಡುವುದಿಲ್ಲ, ಸುತ್ತು ಬಳಸಿ ಹೋಗುತ್ತಾನೆ. ಅವತ್ತಿನಿಂದ ಕೋಳಿಗಳಿಗೆ ಸೀನಿರಲಿ ಬಿಡಲಿ, ಮೇವಿನಲ್ಲಿ ಔಷಧಿ ಪುಡಿ ಬಿದ್ದೇ ಬೀಳುತ್ತಿತ್ತು. ಒಂದು ಪುಡಿ ನಾಟದಿದ್ದರೆ ಇನ್ನೊಂದು, ಅದೂ ಹಳತಾದರೆ ಮತ್ತೊಂದು.

ಆಮೇಲೆ, ಈಗ್ಗೆ ಆರು ತಿಂಗಳ ಹಿಂದೆ, ಗಂಡನ ಸರದಿ ಬಂತು. ಜಾಲರಿಯ ತಂತಿ ಮೊಣಕಾಲ ಕೆಳಗೆ ಗೀರಿದ್ದು, ಅಷ್ಟೇ. ಗೀರು ಕೀವಾಯಿತು, ಕೀವು ಜ್ವರವಾಯಿತು, ಜ್ವರ ಎದೆಗಿಳಿಯಿತು. ಇಪ್ಪತ್ತೆರಡು ದಿನ ಆಸ್ಪತ್ರೆ. ಅವನ ಕೆಮ್ಮು ವಾರ್ಡಿನ ಆಚೆ ತುದಿಗೂ ಕೇಳಿಸುತ್ತಿತ್ತು. ಮೊದಲ ಔಷಧಿ ನಾಟಲಿಲ್ಲ. ಎರಡನೆಯದು, ಮೂರನೆಯದು, ಅವೂ ಇಲ್ಲ. ಕನ್ನಡಕವನ್ನು ತಲೆ ಮೇಲೇರಿಸಿಕೊಂಡಿದ್ದ ವೈದ್ಯೆ ಅವಳನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಏನು ಕೆಲಸ, ಕೋಳಿಗೆ ಏನೇನು ಹಾಕುತ್ತೀರಿ ಎಂದು ಕೇಳಿದರು. ಅವಳು ಒಂದೊಂದೇ ಹೆಸರು ಹೇಳುತ್ತ ಹೋದಳು. ಗಂಡನಿಗೆ ನಾಟದ ಮೂರೂ ಅದರಲ್ಲಿದ್ದವು. ದಿನಾ ಆ ಪುಡಿ ತಿಂದ ಹಿಂಡಿನಲ್ಲಿ ಅದಕ್ಕೆ ಬಗ್ಗದ ರೋಗಾಣು ಮಾತ್ರ ಉಳಿದು ಬೆಳೆಯುತ್ತದೆ, ಅಲ್ಲಿಂದ ಮನುಷ್ಯರಿಗೂ ದಾಟಬಹುದು ಎಂದು ವೈದ್ಯೆ ಬಿಡಿಸಿ ಹೇಳಿದರು.

ನಾಲ್ಕನೆಯದು ನಾಟಿತು. ಮನೆಗೆ ಕಳಿಸುವ ದಿನ ಅದರ ಹೆಸರನ್ನು ದಪ್ಪಕ್ಷರದಲ್ಲಿ ಬರೆದುಕೊಟ್ಟು ವೈದ್ಯೆ ಹೇಳಿದ್ದು ಇಷ್ಟೇ: "ಇವರಿಗೆ ಇದೊಂದೇ ಉಳಿದಿರೋದು. ಇದನ್ನೂ ಕಳ್ಕೋಬೇಡಿ."

ಮನೆಗೆ ಬಂದು ಶೆಡ್ಡಿನ ಕಪಾಟು ತೆಗೆದರೆ, ಮೇಲಿನ ಹಲಗೆಯಲ್ಲಿ ಸೀಲು ಒಡೆಯದ ಡಬ್ಬಿಯೊಂದಿತ್ತು. ಔಷಧಿ ಅಂಗಡಿಯವನು ಹೊಸದಾಗಿ ಬಂದಿದೆ ಎಂದು ಹೊಗಳಿ ಕೊಟ್ಟದ್ದು. ಚೀಟಿಯಲ್ಲಿದ್ದ ಹೆಸರೇ ಡಬ್ಬಿಯ ಮೇಲೂ ಇತ್ತು.

ಆವತ್ತೇ ಅದನ್ನು ಮನೆಯಿಂದಾಚೆ ಕಳಿಸಬೇಕಿತ್ತು, ಇಲ್ಲವೇ? ಬೇರೆ ಡಬ್ಬಿಗಳನ್ನೆಲ್ಲ ಹಿಂದಿರುಗಿಸಿದ ಮಹಾತಾಯಿ ಇದೊಂದನ್ನು ಮುರಿದ ತಕ್ಕಡಿಯ ಹಿಂದೆ ಅಡಗಿಸಿಟ್ಟಳು. ಹೊತ್ತಿಗೆ ಬೇಕಾದೀತು ಎಂಬ ಹಾಳು ಯೋಚನೆ. ಹೆದರಿದವರ ಬುದ್ಧಿ ಹಾಗೆಯೇ, ಒಂದು ಕೈಯಲ್ಲಿ ಬಾಗಿಲು ಹಾಕಿ ಇನ್ನೊಂದು ಕೈಯಲ್ಲಿ ಕಿಟಕಿ ತೆಗೆದಿಡುತ್ತದೆ.

ಅಲ್ಲಿಂದ ಮೇವಿನ ಕ್ರಮವೇ ಬದಲಾಯಿತು. ಪಶುವೈದ್ಯರು ಎದುರು ಕೂತು ಬರೆಸಿದ್ದು: ಬೆಳಿಗ್ಗೆ ನೆನೆಸಿ ಹುಳಿ ಬರಿಸಿದ ಕಾಳು, ಅದಕ್ಕೆ ಹಾಲೊಡೆದ ನೀರು. ಮಧ್ಯಾಹ್ನ ಒಣ ತೌಡಿನ ಜೊತೆ ಬೆಳ್ಳುಳ್ಳಿ, ಅರಿಶಿನ, ಒಣಗಿಸಿದ ಓಮದ ಎಲೆ ಕುಟ್ಟಿದ್ದು. ನೆಲದ ಹೊಟ್ಟು ಒದ್ದೆಯಾಗದಂತೆ ದಿನಾ ಕೆದಕುವುದು, ಒಂದು ಅಂಕಣಕ್ಕೆ ಐನೂರಕ್ಕಿಂತ ಹೆಚ್ಚು ತುಂಬದಿರುವುದು. ಇದು ಮಂತ್ರವಲ್ಲ ತಾಯಿ, ಹೊಟ್ಟೆ ಗಟ್ಟಿಯಿದ್ದರೆ ರೋಗ ಬೇಗ ಹತ್ತಿರ ಬರಲ್ಲ ಅಷ್ಟೇ, ಬಂದರೆ ನನ್ನನ್ನು ಕರೆಯಿರಿ, ನೀವೇ ಡಬ್ಬಿ ತೆಗೆಯಬೇಡಿ ಎಂದು ಅವರು ಮೊದಲೇ ಹೇಳಿದ್ದರು. ನಾಲ್ಕು ತಿಂಗಳು ಜುಟ್ಟು ಕೆಂಪಗೆ, ಹಿಕ್ಕೆ ಗಟ್ಟಿಯಾಗಿ, ಎಲ್ಲ ಸರಿಯಾಗಿಯೇ ನಡೆದಿತ್ತು. ಈ ವಾರವಂತೂ ಕುಟ್ಟುವ ಕೆಲಸವನ್ನು ಅತ್ತೆ ತಾವೇ ಕಿತ್ತುಕೊಂಡಿದ್ದರು. ಮಗನ ಜೀವದ ವಿಷಯ, ಸೊಸೆ ತರಿತರಿಯಾಗಿ ಕುಟ್ಟಿ ಕೈತೊಳೆದುಕೊಳ್ಳುತ್ತಾಳೆ ಎಂದು ಗೊಣಗುತ್ತಲೇ.

ಈಗ ಹನ್ನೊಂದು ಸೀನು. ಅವಳು ಪಶುವೈದ್ಯರಿಗೆ ಫೋನು ಹಚ್ಚಿದಳು. ಅವರು ಬರಲು ಎರಡು ಗಂಟೆಯಾಗುತ್ತದಂತೆ. ಅಷ್ಟರೊಳಗೆ ಪ್ರತಿ ಅಂಕಣದಲ್ಲೂ ಹತ್ತು ಕೋಳಿ ಹಿಡಿದು ಕಣ್ಣು ನೋಡಿ, ಮೂಗು ಒತ್ತಿ ನೋಡಿ, ಮೇವು ತಿನ್ನುತ್ತಿವೆಯೇ ನೋಡಿ ಎಂದರು.

"ಎರಡು ಗಂಟೇಲಿ ಇಡೀ ಶೆಡ್ಡು ಹತ್ಕೊಳ್ಳುತ್ತೆ," ಎಂದ ಗಂಡ.

ಅವಳು ಒಳಗೆ ಹೋದಳು. ಮೊದಲ ಕೋಳಿ ಹಿಡಿದಾಗ ಅದರ ಎದೆಬಡಿತ ಯಾವುದು, ತನ್ನದು ಯಾವುದು ಎಂದೇ ತಿಳಿಯಲಿಲ್ಲ. ಕಣ್ಣು ಸ್ವಚ್ಛವಾಗಿತ್ತು. ಮೂಗು ಒತ್ತಿದರೆ ನೀರಿಲ್ಲ. ಎರಡನೆಯದಕ್ಕೂ ಇಲ್ಲ. ಮುಖ ಊದಿಲ್ಲ, ರೆಕ್ಕೆ ಜೋಲಿಲ್ಲ. ಇಪ್ಪತ್ತು ಕೋಳಿ ನೋಡಿದಳು. ಎಲ್ಲವೂ ಮೇವಿನ ತಟ್ಟೆಗೆ ಮುಗಿಬಿದ್ದು, ತೌಡು ಕೆದರಿ, ಸೀನಿ, ಮತ್ತೆ ತಿನ್ನುತ್ತಿದ್ದವು. ಸಾಯುವ ಕೋಳಿ ಹೀಗೆ ತಿನ್ನುತ್ತದೆಯೇ? ಹಾಗೆಂದುಕೊಳ್ಳುತ್ತಿರುವಾಗಲೇ ಅವಳಿಗೂ ಒಂದು ಸೀನು ಬಂತು. ಮೇಲಿಂದ ಮೇಲೆ ಇನ್ನೆರಡು.

ತಲೆ ಎತ್ತಿದಳು. ಕಿಟಕಿಯ ಬಿಸಿಲಿನಲ್ಲಿ ಹಳದಿ ಧೂಳು ತೇಲುತ್ತಿತ್ತು. ಫ್ಯಾನಿನ ರೆಕ್ಕೆ ಹಳದಿ, ಜಾಲರಿ ಹಳದಿ, ಅವಳ ಸೆರಗೂ ಹಳದಿ. ಮೇವಿನ ಚೀಲಕ್ಕೆ ಕೈಹಾಕಿದರೆ ಅರಿಶಿನ, ಓಮದ ಪುಡಿ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. ಇವತ್ತು ಅತ್ತೆ ಅದನ್ನು ಕುಟ್ಟದೆ ಮಿಲ್ಲಿಗೆ ಹಾಕಿಸಿ, ಸಾಲದ್ದಕ್ಕೆ ತೆಳು ಬಟ್ಟೆಯಲ್ಲಿ ಸೋಸಿದ್ದರು. ಕೋಳಿಗೆ! ಹಸುಗೂಸಿಗೆ ಗಂಜಿ ಮಾಡುವವರ ಹಾಗೆ!

ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಗಂಡನಿಗೆ ಹೇಳೋಣವೆಂದು ತಿರುಗಿದರೆ ಅವನಿರಲಿಲ್ಲ. ಕಪಾಟಿನ ಬಾಗಿಲು ತೆರೆದಿತ್ತು. ಮುರಿದ ತಕ್ಕಡಿ ನೆಲದ ಮೇಲಿತ್ತು.

ಅವಳು ಓಡಿದಳು. ಶೆಡ್ಡಿನ ಹೊರಗೆ, ನೀರಿನ ಟ್ಯಾಂಕಿನ ಏಣಿ ಮೇಲೆ ನಿಂತು ಗಂಡ ಉದ್ದನೆಯ ಕೋಲಿನಿಂದ ಕದಡುತ್ತಿದ್ದ. ಖಾಲಿ ಡಬ್ಬಿ ಕೆಳಗೆ ಬಿದ್ದಿತ್ತು. ವಾಲ್ವ್ ತೆರೆದಿತ್ತು; ಕೊಳವೆಯಲ್ಲಿ ನೀರು ಸರಿಯುವ ಸದ್ದು ಕೇಳುತ್ತಿತ್ತು. ಅವಳು ಎರಡೂ ಕೈಯಿಂದ ವಾಲ್ವ್ ತಿರುಗಿಸಿ ಮುಚ್ಚಿದಳು. ಅಂಗೈ ಸುಲಿಯಿತು.

"ಧೂಳು ಕಣ್ರೀ," ಎಂದಳು. "ಬರೀ ಧೂಳು. ಯಾವ ರೋಗಾನೂ ಇಲ್ಲ."

ಅವನು ಕೋಲು ಹಿಡಿದುಕೊಂಡೇ ನಿಂತ. ಆಮೇಲೆ ಮೆಲ್ಲಗೆ, ನನಗೇನು, ಈಗ ಚೆನ್ನಾಗೇ ಇದ್ದೀನಲ್ಲ, ಇನ್ನೊಂದು ಸಲ ಆ ಗುಂಡಿ ತೋಡೋಕೆ ನನ್ನ ಕೈಲಾಗಲ್ಲ ಎಂದ.

"ಅದು ನಿಮ್ಮ ಔಷಧಿ," ಎಂದಳು ಅವಳು. "ನಿಮಗೆ ಉಳಿದಿರೋದು ಅದೊಂದೇ. ಗೊತ್ತಿದ್ದೂ ಹಾಕಿದ್ರಾ?"

ಗೊತ್ತಿದ್ದೇ ಹಾಕಿದ್ದ. ಅವಳಿಗೆ ಅವನ ಮೇಲೆ ಎಷ್ಟು ಸಿಟ್ಟು ಬಂತೋ, ಡಬ್ಬಿ ಇಟ್ಟುಕೊಂಡ ತನ್ನ ಮೇಲೆ ಅದರ ಎರಡರಷ್ಟು ಬಂತು. ಇಬ್ಬರೂ ಟ್ಯಾಂಕಿನ ನೀರನ್ನು ಡ್ರಮ್ಮುಗಳಿಗೆ ಇಳಿಸಿದರು. ಚರಂಡಿಗೆ ಒಂದು ಹನಿ ಬಿಡಲು ಅವಳು ಒಪ್ಪಲಿಲ್ಲ. ಕೊಳವೆಗಳ ತುದಿ ಬಿಚ್ಚಿ ತೊಳೆದರು. ಅಷ್ಟರಲ್ಲಿ ಮೊದಲನೇ ಅಂಕಣದ ಕೋಳಿಗಳು ಕುಡಿದಾಗಿತ್ತು. ಎಷ್ಟು ಕುಡಿದವು, ಯಾವುವು ಕುಡಿದವು, ಯಾರಿಗೆ ಗೊತ್ತು? ಐನೂರು ಕೊಕ್ಕುಗಳು ಅವಳ ಕಡೆಗೇ ತಿರುಗಿದ್ದವು. ಸಂಗತಿ ತಿಳಿದ ಅತ್ತೆ ಸೋಸುವ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡುತ್ತ ಮೆಟ್ಟಿಲ ಮೇಲೆ ಕೂತರು. ನಾನು ಒಳ್ಳೇದಕ್ಕೇ ಮಾಡಿದ್ದು ಎಂದು ಒಂದೇ ಸಲ ಹೇಳಿದರು.

ಪಶುವೈದ್ಯರು ಬಂದು ನೋಡಿ ಧೂಳೇ ಎಂದರು. ಪುಡಿಯನ್ನು ತೌಡಿನ ಜೊತೆ ನೀರಲ್ಲಿ ಕಲೆಸಿ ಹಾಕಿ ಎಂದರು. ಮೊದಲನೇ ಅಂಕಣಕ್ಕೆ ಬೇರೆ ಚಪ್ಪಲಿ, ಬೇರೆ ಬಕೆಟ್ಟು. ಅದರ ಮೊಟ್ಟೆ ತಾವು ಹೇಳುವವರೆಗೆ ಹೊರಗೆ ಹೋಗಕೂಡದು. ಯಜಮಾನರು ಅತ್ತ ಸುಳಿಯಲೇ ಕೂಡದು. ಆ ಔಷಧಿ ಇವರಿಗೆ ಇನ್ನೂ ನಾಟುತ್ತದೆಯೇ ಎಂದು ಅವಳು ಎರಡು ಸಲ ಕೇಳಿದಳು. ಒಂದು ಗುಟುಕಿನಿಂದ ಅಂಥದ್ದೇನೂ ಆಗಲಿಕ್ಕಿಲ್ಲ, ಬಹುಶಃ, ಎಂದರು ಅವರು. ಅವರ ಸ್ಕೂಟರು ತಿರುವು ದಾಟಿದ ಮೇಲೂ ಆ ಬಹುಶಃ ಅವಳ ಕಿವಿಯಲ್ಲೇ ಉಳಿಯಿತು.

ಸಂಜೆ ಒದ್ದೆ ತೌಡು ಹಾಕಿ, ಧೂಳು ಇಳಿದ ಮೇಲೆ, ಬಾಗಿಲಲ್ಲಿ ನಿಂತು ಸಿಳ್ಳೆ ಹಾಕಿದಳು. ಹಿಂಡು ಬಾಯಿ ಮುಚ್ಚಿತು. ಒಂದು, ಎರಡು, ಮೂರು. ಯಾವ ಮೂಲೆಯಲ್ಲೂ ಸೀನಿಲ್ಲ. ಐದು, ಆರು. ಅವಳ ಕಣ್ಣು ತುಂಬಿಬಂತು. ಎಂಟು ಎನ್ನುವಾಗ ಕೆಮ್ಮೊಂದು ಕೇಳಿಸಿತು.

ಅದು ಶೆಡ್ಡಿನೊಳಗಿಂದ ಬಂದದ್ದಲ್ಲ. ಅವಳ ಬೆನ್ನ ಹಿಂದಿನಿಂದ ಬಂದದ್ದು.

ಮೆಟ್ಟಿಲ ಮೇಲಿದ್ದ ಅತ್ತೆ ಎದ್ದು ನಿಂತರು. ಕೋಳಿಗಳ ಗದ್ದಲ ಮತ್ತೆ ಏರಿತು. ಇದೂ ಧೂಳೇ ಇರಬೇಕು, ಇಡೀ ದಿನ ಗಂಡನೂ ಅದರಲ್ಲೇ ಇದ್ದ ಎಂದು ಅವಳು ಮನಸ್ಸಿನಲ್ಲೇ ಹೇಳಿಕೊಂಡಳು. ಆದರೂ ಬೆರಳುಗಳು ತಾವಾಗಿ ಬಾಯಿಗೆ ಹೋದವು. ಒಂದರ ಬೆನ್ನಿಗೇ ಎರಡನೆಯ ಸಿಳ್ಳೆ ಅವಳು ಯಾವತ್ತೂ ಹಾಕಿದವಳಲ್ಲ.

ಮೂರು ಸಾವಿರ ಕೋಳಿಗಳು ಸುಮ್ಮನಾದವು. ಅವಳು ಶೆಡ್ಡಿಗೆ ಬೆನ್ನು ಹಾಕಿ ಗಂಡನ ಕಡೆ ತಿರುಗಿ ಕಿವಿಗೊಟ್ಟಳು. ಅವನು ಬಾಗಿಲ ಚೌಕಟ್ಟು ಹಿಡಿದು, ತುಟಿ ಬಿಗಿದು, ನೆಲ ನೋಡುತ್ತ ನಿಂತಿದ್ದ. ಮುಖ ಕೆಂಪೇರುತ್ತಿತ್ತು. ಕತ್ತಿನ ನರ ಉಬ್ಬಿತ್ತು.

"ಉಸಿರು ಬಿಡ್ರೀ," ಎಂದಳು.

ಅವನು ಆಗಲ್ಲ ಎಂಬಂತೆ ತಲೆಯಾಡಿಸಿದ. ಕೋಳಿಗಳು ಮತ್ತೆ ಗದ್ದಲ ಶುರುಮಾಡುವವರೆಗೂ ಅವನು ಉಸಿರು ಬಿಡಲಿಲ್ಲ.