ಗೋಕಾಕದ ಹುಡುಗನ ವಿಳಾಸ

ಮೆಂತ್ಯದ ಅರ್ಧ ಕಟ್ಟು ಬಿಡಿಸಿಯಾಗಿತ್ತು, ಉಳಿದರ್ಧ ಮಡಿಲಲ್ಲಿತ್ತು. ಸಿಡ್ನಿಯ ಗಿರಾವೀನ್‌ನ ಮನೆಯ ಮುಂದೆ ಬಿಸಿಲಿಗೆ ಕುಳಿತಿದ್ದೆ. ಎದುರಿಗೇ ಎಳೆದು ತಂದು ನಿಲ್ಲಿಸಿದ ಮಗಳ ಕಾರು. ಮುಂದಿನ ಮಡ್ಗಾರ್ಡ್ ಗಾಲಿಗೆ ಒತ್ತಿಕೊಂಡು, ಮೇಲೊಂದು ಹಳೆಯ ಬೆಡ್‌ಶೀಟು ಹೊದ್ದು ನಿಂತಿತ್ತು. ಮಗಳು ಮಹಾಶ್ವೇತಾ ಫೋನು ಹಿಡಿದು ಹೊರಗೆ ಬಂದಳು.

“ಅವ್ವಾ, ಇನ್ಶೂರೆನ್ಸ್‌ನವ್ರದು ಮತ್ತ ಅದೇ ಈಮೇಲು. ಆ ಹುಡುಗನ ಪೂರ್ತಿ ಹೆಸರು, ಅಡ್ರೆಸ್ ಬೇಕಂತ. ಇಲ್ಲಾಂದ್ರ ಕ್ಲೇಮ್ ಮುಂದ ಹೋಗೂದಿಲ್ಲಂತ.”

“ಅವತ್ತ ಲೈಸೆನ್ಸ್ ತೋರಸಂತ ಕೇಳಬೇಕಿತ್ತು.”

“ಕನ್ನಡದಾಗ ತಪ್ಪಾತು ಅಂದಂವನ ಕಡೆ ಲೈಸೆನ್ಸ್ ಹೆಂಗ ಕೇಳ್ಲಿ?”

ಅದು ನಿಜ. ದಿನಸಿ ಅಂಗಡಿಯ ಪಾರ್ಕಿಂಗಿನಲ್ಲಿ ಅವನು ಹಿಂದೆ ನೋಡದೆ ರಿವರ್ಸ್ ಬಂದು ಗುದ್ದಿದ್ದ. ಬೈಯಲೆಂದು ಇಳಿದ ಮಗಳು, ಅವನ ಬಾಯಲ್ಲಿ “ಅಯ್ಯ ಶಿವನ” ಕೇಳಿದ್ದೇ ಕರಗಿಬಿಟ್ಟಳು. ಯಾವ ಊರು, ಯಾರ ಪೈಕಿ ಎಂದು ಶುರುವಾಯಿತು. ಹೆಸರು ಯೋಗೀಶ, ಊರು ಗೋಕಾಕ, ತಾಯಿ ನೀಲಾಂಬಿಕಾ ಟೀಚರು, ಸೋದರಮಾವನಿಗೆ ತಂದದ್ದು ನಮ್ಮ ಧಾರವಾಡದ ಹೆಣ್ಣು. ಓದುವುದು ಮೆಲ್ಬರ್ನಿನಲ್ಲಿ, ಗೆಳೆಯನ ಮದುವೆಗೆಂದು ಕಾರಿನಲ್ಲೇ ಸಿಡ್ನಿಗೆ ಬಂದವನು. ಇಷ್ಟೆಲ್ಲ ತಿಳಿದುಕೊಂಡೆವು. ನಂಬರ್ ಪ್ಲೇಟಿನ ಫೋಟೋ, ಫೋನ್ ನಂಬರು ಸಿಕ್ಕವು. “ಇನ್ಶೂರೆನ್ಸ್ ಐತ್ರಿ, ಚಿಂತಿ ಮಾಡಬ್ಯಾಡ್ರಿ” ಎಂದು ನನ್ನ ಕಾಲು ಮುಟ್ಟಿ ಹೋದ. ಅಷ್ಟು ಬೇಗ ಕಾಲು ಮುಟ್ಟಿದ್ದೇ ನನಗೆ ಸರಿ ಕಂಡಿರಲಿಲ್ಲ. ಯಾವ ಕಂಪನಿ ಎಂದು ಕೇಳಿದ ಮೇಲೆ ಅವನು ಫೋನೇ ಎತ್ತಲಿಲ್ಲ. ಇನ್ಶೂರೆನ್ಸ್ ಇಲ್ಲವೆಂದೇ ನಾವು ತಿಳಿದೆವು.

ಮಗಳದು ಸಣ್ಣ ಪಾಲಿಸಿ. ತಾನು ಗುದ್ದಿದರೆ ಎದುರಿನವರ ಕಾರು ರಿಪೇರಿಯಾಗುತ್ತದೆ, ತನ್ನದಲ್ಲ. ಆದರೆ ಅದರಲ್ಲೊಂದು ಷರತ್ತಿತ್ತು: ತಪ್ಪು ಎದುರಿನವರದಾಗಿ, ಅವರಿಗೆ ಇನ್ಶೂರೆನ್ಸೇ ಇಲ್ಲದಿದ್ದರೆ ಕಂಪನಿಯೇ ನಮ್ಮ ಕಾರನ್ನೂ ಸರಿಮಾಡಿಸುತ್ತದೆ, ಆ ಎದುರಿನವರು ಯಾರು, ಎಲ್ಲಿರುತ್ತಾರೆ ಎಂದು ನಾವು ತಿಳಿಸಬೇಕಷ್ಟೇ. “ಅವರು ಮಾಡಸಲಿಲ್ಲಂದ್ರ ಅವರ ಕರ್ಮ. ಅದಕ್ಕ ನೀ ಯಾಕ ರೊಕ್ಕ ತುಂಬಬೇಕು? ಇದು ಕಂಪನಿಯವರ ಮೋಸ” ಎಂದು ಪಾಲಿಸಿ ಮಾಡಿಸುವಾಗ ನಾನೇ ಜಗಳ ತೆಗೆದಿದ್ದೆ. ಈಗ ಆ ಒಂದು ಸಾಲೇ ಗತಿಯಾಗಿತ್ತು. ಮಗಳದು ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ಈ ತಿಂಗಳೊಳಗೆ ಕಾರು ಓಡದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆಂದು ಏಜೆನ್ಸಿ ಹೇಳಿತ್ತು.

ಕಾರಿನಲ್ಲಿದ್ದ ಸಾಕ್ಷಿ ನಾನು. ರಾತ್ರಿ ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ನನ್ನ ಹೇಳಿಕೆ ಬರೆದಿಟ್ಟಿದ್ದೆ. ವಿಳಾಸದ ಜಾಗ ಮಾತ್ರ ಖಾಲಿ. ವಾರಗಳಿಂದ ಅದು ಕೈಚೀಲದಲ್ಲೇ ಮಲಗಿತ್ತು.

ಅದನ್ನು ಇಟ್ಟುಕೊಂಡೇ ಮೆಲ್ಬರ್ನಿಗೆ, ಬಾಕ್ಸ್ ಹಿಲ್‌ನಲ್ಲಿರುವ ಮಗನ ಮನೆಗೆ ಹೋದೆ. ಸೊಸೆ ನಿವೇದಿತಾ ಬೆಂಗಳೂರಿನವಳು.

“ಗೋಕಾಕದವನಾ ಅತ್ತೆ? ತಡೀರಿ, ನಮ್ ಕನ್ನಡ ಗ್ರೂಪಲ್ಲಿ ಕೇಳ್ತೀನಿ.”

ಕುಕ್ಕರ್ ಕೂಗುವುದರೊಳಗೆ ಉತ್ತರ ಬಂತು. ನೀಲಾಂಬಿಕಾ ಟೀಚರ ಮಗ ತಾನೇ, ಕ್ಲೇಟನ್‌ನಲ್ಲಿ ಇಂಥ ಬೀದಿ, ಇಂಥ ಮನೆ.

“ಸಿಕ್ತಲ್ಲ! ಬರ್ದು ಪೋಸ್ಟ್ ಮಾಡ್ಬಿಡಿ.”

“ಮಂದಿ ಹೇಳಿದ್ದಕ್ಕ ನಾ ಸಹಿ ಹಾಕೂದಿಲ್ಲವಾ. ಕಣ್ಣಿಲೆ ನೋಡಬೇಕು.”

ಮರುದಿನ ಒಬ್ಬಳೇ ಕ್ಲೇಟನ್ ಬಸ್ಸು ಹತ್ತಿದೆ. ಆ ಮನೆಯ ಮುಂದೆ ಅದೇ ಬೂದು ಕಾರು. ಬಂಪರಿನ ಮೇಲೆ ನಮ್ಮ ಕಾರಿನ ಕೆಂಪು ಬಣ್ಣ ಹಾಗೇ ಇತ್ತು. ಗಂಟೆ ಒತ್ತಿದೆ. ಬಾಗಿಲು ತೆರೆದ ಯೋಗೀಶ ಒಂದು ಹೆಜ್ಜೆ ಹಿಂದೆ ಸರಿದ.

“ಅಮ್ಮಾರ! ಇಲ್ಲಿತನಾನೂ ಬಂದ್ರಿ?”

“ನೀ ಫೋನ್ ಎತ್ತಿದ್ರ ನಾ ಯಾಕ ಬರ್ತಿದ್ದೆ?”

“ಎತ್ತಿ ಏನ್ ಹೇಳ್ಲಿ? ಇನ್ಶೂರೆನ್ಸ್ ಐತಿ ಅಂತ ಹೇಳೇನಿ. ಆದ್ರೂ ಅಕ್ಕಾರು ಬಿಡವಲ್ರು. ಕಂಪನಿ ಕಡೆನೂ ತಗೊಂಡು ನಿನ್ನ ಕಡೆನೂ ಕಸಗೊಳ್ಳಾಕ ಹೊಂಟಾರ, ಹುಷಾರು ಅಂತ ರೂಮಿನವ್ರು ಅಂದ್ರು.”

ನಾವು ಅವನನ್ನು ಕಳ್ಳನೆಂದುಕೊಂಡಿದ್ದರೆ, ಅವನ ಮನೆಯಲ್ಲಿ ನಾವೇ ಕಳ್ಳರಾಗಿದ್ದೆವು!

“ಎಲ್ಲೈತಿ ಇನ್ಶೂರೆನ್ಸು, ತೋರಸು.”

ಫೋನಿನಲ್ಲಿ ರಸೀದಿ ತೆರೆದು ಮುಂದೆ ಹಿಡಿದ. “ನೋಡ್ರಿ, ರಿಜಿಸ್ಟ್ರೇಷನ್ ಜೋಡಿನ ತುಂಬೇನಿ. ಥರ್ಡ್ ಪಾರ್ಟಿ. ಊರಾಗ ನಮ್ಮ ಅಪ್ಪನ ಗಾಡಿಗೂ ಇದ ಐತಿ.”

“ಇದು ಮನಷಾರಿಗೆ ಗಾಯ ಆದ್ರಪ್ಪಾ. ಕಾರು ಜಜ್ಜಿದ್ದಕ್ಕ ಇದರಾಗ ಏನೂ ಬರೂದಿಲ್ಲ.”

“ಊರಾಗ ಬರತೈತಲ್ರಿ!”

“ಇದು ಊರಲ್ಲ.”

ಅವನು ನನ್ನನ್ನು ನಂಬಲಿಲ್ಲ. ಫೋನಿನಲ್ಲಿ ತಾನೇ ಹುಡುಕಿ ಓದಿದ. ಓದುತ್ತ ಓದುತ್ತ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

“ಅಂದ್ರ ಇಷ್ಟ ದಿನ ನಾ ಏನೂ ಇಲ್ದನ ಓಡಸಾಕತ್ತೇನಿ.”

ನಾಟಕವೇನೋ ಎಂದು ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದೆ. ಕಿವಿ ಕೆಂಪಗಾಗಿದ್ದವು. ಕಿವಿಯ ಬಣ್ಣದಲ್ಲಿ ನಾಟಕವಾಡಲು ಯಾರಿಗೂ ಬರುವುದಿಲ್ಲ.

ಚೀಲದಿಂದ ಪತ್ರ ತೆಗೆದೆ. “ಇದರಾಗ ನಿನ್ನ ಹೆಸರು, ವಿಳಾಸ ಬರದ್ರ ಮಗಳ ಕಾರು ರಿಪೇರಿ ಆಗತೈತಿ. ಆಮ್ಯಾಲ ಕಂಪನಿಯವರು ಆ ಖರ್ಚು ಕೇಳಾಕ ನಿನ್ನ ಕಡೆ ಬರ್ತಾರ. ಮುಚ್ಚಿಟ್ಟು ಹೇಳಾಂಗಿಲ್ಲ. ಕಂತು ಮಾಡಿ ಕೊಡಂತ ಕೇಳ್ಕೊ. ಅವರ ಫೋನರ ಎತ್ತು.”

“ಕಳಸಲೇಬೇಕೇನ್ರಿ ಅಮ್ಮಾರ?”

“ಕಳಸದಿದ್ರ ಮಗಳ ಕೆಲಸ ಹೋಗತೈತೋ.”

ಅವನು ಎದ್ದು ಒಳಗೆ ಹೋದ. ಹಿತ್ತಲಿನಿಂದ ಓಡಿಹೋದನೇನೋ ಎಂದು ನಾನು ಕಾರಿನ ಮೇಲೊಂದು ಕಣ್ಣಿಟ್ಟೆ. ಲೈಸೆನ್ಸ್ ಹಿಡಿದು ಬಂದ. ಫೋಟೋವನ್ನು ಅವನ ಮುಖಕ್ಕೆ, ಮನೆಯ ನಂಬರನ್ನು ಗೋಡೆಯ ಮೇಲಿನದಕ್ಕೆ ಹೋಲಿಸಿ ನೋಡಿದೆ.

“ಇನ್ನೂ ಸಂಶೇ ಹೋಗಿಲ್ಲೇನ್ರಿ?”

“ತಪ್ಪಾದ್ರ ಮತ್ತ ಸಿಡ್ನಿಯಿಂದ ಬರೂದು ಯಾರು, ನಿಮ್ಮ ಮಾವನ?”

ಅವನಿಗೂ ನಗು ಬಂತು. ಖಾಲಿ ಜಾಗ ತುಂಬಿ, ಸಹಿ ಹಾಕಿ, ಲಕೋಟೆ ಅಂಟಿಸಿದೆ.

“ಬರ್ರಿ, ಬಾಕ್ಸ್ ಹಿಲ್ ತನಕ ಬಿಡ್ತೀನಿ” ಎಂದು ಅಭ್ಯಾಸದ ಮೇಲೆ ಕೀಲಿ ತೆಗೆದ. ಇಬ್ಬರೂ ಆ ಕೀಲಿಯನ್ನೇ ನೋಡಿದೆವು. ಅವನು ಅದನ್ನು ಒಳಗಿಟ್ಟು ಬಂದು, ನನ್ನ ಜೊತೆ ಬಸ್ ಸ್ಟಾಪಿನವರೆಗೆ ನಡೆದ.

ದಾರಿಯಲ್ಲಿ ಕೆಂಪು ಅಂಚೆಡಬ್ಬಿ ಇತ್ತು. ಅವನು “ಕೊಡ್ರಿ, ನಾನ ಹಾಕ್ತೀನಿ” ಎಂದು ಕೈಚಾಚಿದ. ಕೊಡಲಿಲ್ಲ. ನಾನೇ ಹಾಕಿದೆ. ಎಲ್ಲಾದರೂ ಸಿಕ್ಕಿಕೊಂಡಿತೇನೋ ಎಂದು ಡಬ್ಬಿಯ ಬಾಯೊಳಗೆ ಬೆರಳು ತೂರಿಸಿ ನೋಡಿದೆ. ಬಿದ್ದಿತ್ತು.