ಟೈಲರಕ್ಕನ ಹೊಟ್ಟೆ

ಯಾರ ಸೊಂಟವನ್ನಾದರೂ ಕಣ್ಣಲ್ಲೇ ಅಳೆದು ಹೇಳಬಲ್ಲ ಟೈಲರಕ್ಕನಿಗೆ ಎರಡು ವರ್ಷ ತನ್ನ ಹೊಟ್ಟೆಯೇ ಕಾಣಿಸಲಿಲ್ಲ. ಅದು ಉಬ್ಬಿದಂತೆಲ್ಲ ಬಟ್ಟೆಯ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡಳು. ಮುಟ್ಟು ಹತ್ತು ದಿನವಾದರೂ ನಿಲ್ಲದಿದ್ದಾಗ ಕಪ್ಪು ಬಟ್ಟೆ ಉಟ್ಟು ಸುಮ್ಮನಾದಳು. ಕೊನೆಗೊಂದು ದಿನ ಗಿರಾಕಿಯ ಎದುರಿಗೇ ತಲೆ ಸುತ್ತಿ ಬಿದ್ದಳು. ತಂಗಿ ಆಸ್ಪತ್ರೆಗೆ ಎಳೆದೊಯ್ದಳು.

“ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆಗಳಿವೆ. ಕ್ಯಾನ್ಸರ್ ಅಲ್ಲ, ಆದ್ರೆ ಮೈಯಲ್ಲಿ ರಕ್ತವೇ ಇಲ್ವಲ್ಲಮ್ಮ!” ಎಂದರು ಡಾಕ್ಟರಮ್ಮ.

“ದಪ್ಪ ಆದೆ ಅಂದ್ಕೊಂಡು ರಾತ್ರಿ ಊಟ ಬಿಟ್ಟಿದ್ದೆ ಡಾಕ್ಟ್ರೇ. ಗಡ್ಡೇನ ಉಪವಾಸ ಕೆಡವಿದ ಮಹಾ ಬುದ್ಧಿವಂತೆ ನಾನು!”

ತಂಗಿಗೆ ನಗು ಬರಲಿಲ್ಲ.

ಮಾತ್ರೆಗೆ ರಕ್ತಸ್ರಾವ ಬಗ್ಗದೆ ಗರ್ಭಕೋಶ ತೆಗೆಯಬೇಕಾಯಿತು. ಮನೆಗೆ ಕಳಿಸುವ ದಿನ ಡಾಕ್ಟರಮ್ಮ, “ಅಂಡಾಶಯ ಉಳಿಸಿದ್ದೀವಿ. ಆದ್ರೂ ಈ ಆಪರೇಷನ್ ಆದವರಿಗೆ ಮುಂದೆ ಬಿಪಿ, ಹೃದಯದ ತೊಂದರೆ ಸ್ವಲ್ಪ ಜಾಸ್ತಿ ಇರಬಹುದು ಅಂತಾರೆ. ಖಚಿತವಿಲ್ಲ, ವರ್ಷಕ್ಕೊಮ್ಮೆ ತೋರಿಸ್ಕೊಳ್ಳಿ,” ಎಂದರು.

“ತಾರೀಖು ನನ್ನ ತಂಗಿಗೆ ಹೇಳಿ ಡಾಕ್ಟ್ರೇ. ನನ್ನ ಕೈಗೆ ನನ್ನನ್ನ ಒಪ್ಪಿಸಿದ್ರೆ ಏನಾಗತ್ತೆ ಅಂತ ನೋಡಿದ್ರಲ್ಲ!”

ಮರುವರ್ಷ ಬಿಪಿ ತುಸು ಏರಿತ್ತು. ಟೈಲರಕ್ಕ ಗೊಣಗುತ್ತಲೇ ಮಾತ್ರೆ ನುಂಗತೊಡಗಿದಳು. ಗೊಣಗಿದರೂ ಒಂದು ದಿನವೂ ತಪ್ಪಿಸಲಿಲ್ಲ.