ಹುರಿದ ಕೊತ್ತಂಬರಿಯ ಬಣ್ಣ

ಇನ್ನೂ ಆಗಲಿಲ್ಲ, ಇನ್ನೂ ಒಣಹುಲ್ಲಿನ ಬಣ್ಣವೇ, ಕೊತ್ತಂಬರಿ ಬಾಣಲೆಯಲ್ಲಿ ಈಗಷ್ಟೇ ಸದ್ದು ಮಾಡತೊಡಗಿದೆ, ಸಟ್ಟುಗ ನಿಲ್ಲಿಸಬಾರದು, ನಿಲ್ಲಿಸಿದರೆ ಅಡಿಯದ್ದು ಸೀದುಹೋಗುತ್ತದೆ, ಸೀದದ್ದು ನನಗೆ ತಿಳಿಯುವುದಿಲ್ಲ, ಎರಡು ವರ್ಷ ಕಳೆಯಿತು ಈ ಮೂಗಿಗೆ ಏನೂ ತಿಳಿಯದೆ, ಮಲ್ಲಿಗೆ ಇಲ್ಲ, ಮೀನು ಇಲ್ಲ, ಸೀಮೆಎಣ್ಣೆ ಕೂಡ ಇಲ್ಲ, ಮುಖದ ನಡುವೆ ಮೂಗುತಿಗೆಂದು ಉಳಿದ ಒಂದು ಜಾಗ ಅಷ್ಟೆ — ಕಣ್ಣಿದೆಯಲ್ಲ, ಕಣ್ಣೆತ್ತಿ ನೋಡು ಲೋಲಾಕ್ಷಿ, ಮೊಳೆಗೆ ಸಿಕ್ಕಿಸಿದ ಹಾಳೆಯಲ್ಲಿ ನೀನೇ ಬಳಿದ ಬಣ್ಣ, ಅದರ ಕೆಳಗೆ ನೀನೇ ಬರೆದ ಅಕ್ಷರ, ಕೊತ್ತಂಬರಿ, ಇಲ್ಲಿ ಇಳಿಸಬೇಕು. ಹಾಳೆಯಿಂದ ಬಾಣಲೆಗೆ, ಬಾಣಲೆಯಿಂದ ಹಾಳೆಗೆ, ಇನ್ನು ಸ್ವಲ್ಪ, ಎಷ್ಟು ಸಲ ಮಾಡಿದ ಕೆಲಸ, ಆದರೆ ಅಷ್ಟೂ ಸಲ ಪಕ್ಕದಲ್ಲಿ ಸೊಸೆ ರಶ್ಮಿತಾ ಇದ್ದಳು, ಬಗ್ಗಿ ಮೂಸಿ, ಸರಿ ಉಂಟು ಅತ್ತೆ ಎನ್ನುತ್ತಿದ್ದಳು, ಇವತ್ತು ಅವಳಿಗೆ ಕಾಸರಗೋಡಿನಲ್ಲಿ ಪಿಎಸ್‌ಸಿ ಪರೀಕ್ಷೆ, ಮಗ ಪ್ರವೀತ್ ಬೈಕಿನಲ್ಲಿ ಕರೆದುಕೊಂಡು ಹೋಗಿದ್ದಾನೆ, ಇನ್ನು ಬರುವುದು ಸಂಜೆಗೆ. ಅವರು ಹೊರಟು ಗಂಟೆಯಾಗಿರಲಿಲ್ಲ, ಫೋನು, ಇವರು ಜಗಲಿಯಲ್ಲಿ ನಿಂತು ಮಾತಾಡಿದರು, ಇವರು ಎಂದರೆ ನನ್ನ ಗಂಡ, ಬೋಜ, ಮೂವತ್ತು ವರ್ಷದಲ್ಲಿ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಆಸ್ಪತ್ರೆಯಲ್ಲಿ ಚೀಟಿ ಬರೆಸುವಾಗ ಮಾತ್ರ. ಆ ಕಡೆ ಇವರ ತಂಗಿ ರಾಜೀವಿ, ಥಾಣೆಯಿಂದ ಮದುವೆಗೆಂದು ಮಂಗಳೂರಿಗೆ ಬಂದಿದ್ದಾಳೆ, ಮಧ್ಯಾಹ್ನ ಶಿರಿಯಕ್ಕೆ ಬರುತ್ತೇವೆ ಅಣ್ಣ, ನಾವು ಮೂವರು, ಅತ್ತಿಗೆ ಎಂತ ಮಾಡುವುದೂ ಬೇಡ, ಬಂದ್ಯೋಡಿನಲ್ಲಿ ಕಾರು ನಿಲ್ಲಿಸಿ ಪಾರ್ಸೆಲ್ ತರುತ್ತೇವೆ. ಸ್ಪೀಕರ್ ಹಾಕಿ ಮಾತಾಡುವುದು ಇವರ ಅಭ್ಯಾಸ, ಒಳಗಿನವರಿಗೂ ಎಲ್ಲ ಕೇಳುತ್ತದೆ. ಪಾರ್ಸೆಲ್ ಬೇಡ ಅಂತ ಹೇಳಿ. ನನ್ನ ಬಾಯಿಂದ ಬಂದ ಮಾತೇ ಅದು, ಕೈಯಲ್ಲಿ ಕಸಬರಿಕೆ, ಇವರು ಫೋನನ್ನು ಎದೆಗೆ ಒತ್ತಿ ಹಿಡಿದು ನನ್ನ ಮುಖ ನೋಡಿದರು, ರಶ್ಮಿತಾ ಇಲ್ಲವಲ್ಲ ಇವತ್ತು. ಇಲ್ಲದಿದ್ದರೆ ಎಂತ, ಕೋಳಿ ತನ್ನಿ, ಒಣ ರೊಟ್ಟಿ ತನ್ನಿ, ಕಾಯಿ ಅರೆದು ಗಸಿ ನಾನು ಮಾಡುತ್ತೇನೆ. — ಆಯಿತು, ಇದೇ, ಇದೇ ಬಣ್ಣ, ಇಳಿಸು, ತಟ್ಟೆಗೆ ಸುರಿ, ಬಾಣಲೆಯಲ್ಲೇ ಬಿಟ್ಟರೆ ಬಿಸಿಗೆ ಇನ್ನೂ ಕಪ್ಪಾಗುತ್ತದೆ.

ಬೇರೆ ಯಾರಾದರೂ ಬರುವುದಿದ್ದರೆ ಇಷ್ಟು ಎದೆ ಹೊಡೆದುಕೊಳ್ಳುತ್ತಿರಲಿಲ್ಲ, ರಾಜೀವಿ ಬರುವಳು, ಅವಳ ಮಗಳು ಜ್ಯೋತ್ಸ್ನಾ ಬರುವಳು, ಆ ಮಗುವಿನ ಕೈಗೆ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಗ್ಲುಕೋಸ್ ಬಾಟಲಿ ಹಚ್ಚುವ ಹಾಗಾದದ್ದು ನನ್ನಿಂದ. ಎರಡು ವರ್ಷದ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಪಾಚಿ, ಕಾಲು ಜಾರಿತು, ತಲೆಯ ಹಿಂದೆ ಒಂದು ಪೆಟ್ಟು, ರಕ್ತವೂ ಬರಲಿಲ್ಲ, ಎದ್ದು ಉಳಿದ ಎರಡು ಬಕೆಟ್ ಬಟ್ಟೆ ಒಗೆದೇ ಬಂದೆ. ವಾರ ಕಳೆದ ಮೇಲೆ ತಿಳಿಯಿತು ಬಾಯಿ ಸಪ್ಪೆ ಎಂದು, ಶೀತ ಇರಬೇಕು, ಶೀತವೇ ಎಂದುಕೊಂಡು ನಾಲ್ಕು ತಿಂಗಳು. ಉಪ್ಪು ತಿಳಿಯುತ್ತದೆ, ಹುಳಿ ತಿಳಿಯುತ್ತದೆ, ಖಾರ ಉರಿಯುತ್ತದೆ, ಅದರಾಚೆ ಏನೂ ಇಲ್ಲ, ಬಸಳೆಯೂ ಒಂದೇ ಬಂಗುಡೆಯೂ ಒಂದೇ. ಯಾರಿಗೂ ಹೇಳಲಿಲ್ಲ, ಹೇಗೆ ಹೇಳುವುದು, ನೆಂಟರಲ್ಲಿ ಸೀಮಂತವಾಗಲಿ ಮನೆ ಒಕ್ಕಲಾಗಲಿ ಗಸಿಗೆ ಲೋಲಾಕ್ಷಿಯ ಕೈ ಬೇಕು ಎನ್ನುತ್ತಿದ್ದರು, ಆ ಕೈಯಲ್ಲದೆ ನನ್ನದೆಂದು ಇನ್ನೇನಿತ್ತು. ಅಂದಾಜಿನಲ್ಲಿ ಬೇಯಿಸಿದೆ. ಆಗಲೇ ರಾಜೀವಿ ರಜೆಗೆ ಬಂದದ್ದು, ಹಿಂದಿನ ದಿನವೇ ತೆಂಗಿನಕಾಯಿ ರುಬ್ಬಿ ಫ್ರಿಜ್ಜಿನಲ್ಲಿಟ್ಟಿದ್ದೆ, ಕರೆಂಟು ಹೋಗಿ ಬೆಳಗಿನವರೆಗೆ ಬಂದಿರಲಿಲ್ಲ, ಅದೇ ಮಸಾಲೆಯಲ್ಲಿ ಸಿಗಡಿ ಬೇಯಿಸಿ, ಹಸಿವು ಎಂದ ಮಗುವಿಗೆ ಎಲ್ಲರಿಗಿಂತ ಮುಂಚೆ ಬಡಿಸಿದೆ. ಮಗು ಮುಖ ಕಿವುಚಿತು, ತಿನ್ನು ಮಗಾ, ಮಾಮಿ ನಿನಗೆಂದೇ ಮಾಡಿದ್ದು, ಎಂದು ಒತ್ತಾಯ ಮಾಡಿದ್ದು ನಾನೇ, ತಿಂದಿತು, ಪಾಪ. ಸ್ವಲ್ಪ ಹೊತ್ತಿಗೆ ವಾಂತಿ, ನಿಲ್ಲದ ವಾಂತಿ, ರಾಜೀವಿ ಪಾತ್ರೆಯ ಮುಚ್ಚಳ ತೆಗೆದವಳು ಮುಖ ತಿರುಗಿಸಿದಳು, ಅತ್ತಿಗೆ, ಹಳಸಿದೆಯಲ್ಲ ಇದು, ನಿಮಗೆ ಗೊತ್ತಾಗಲಿಲ್ಲವಾ. ನಾನು ಪಾತ್ರೆಯೊಳಗೆ ಬಗ್ಗಿ ಉಸಿರೆಳೆದೆ, ಮತ್ತೆ ಎಳೆದೆ, ಗಾಳಿ ಬಂತು, ಬರೀ ಗಾಳಿ. ಕುಂಬಳೆಯ ಆಸ್ಪತ್ರೆಯಲ್ಲಿ ಮಗುವಿನ ಕಾಲ ಬಳಿ ಕೂತು ಎಲ್ಲರೆದುರು ಹೇಳಿಕೊಂಡೆ. ಮಂಗಳೂರಿನ ಡಾಕ್ಟರು ಹೇಳಿದ್ದು, ಮೂಗು ಸರಿ ಇದೆ ಅಮ್ಮ, ಮೂಗಿನಿಂದ ತಲೆಗೆ ಹೋಗುವ ಎಳೆ ತುಂಡಾಗಿದೆ, ಬಂದರೆ ಬರಬಹುದು. ಹೊರಡುವಾಗ ರಾಜೀವಿ ಅಂಗಳದಲ್ಲಿ ಇವರಿಗೆ ಮೆಲ್ಲಗೆ ಹೇಳಿದಳು, ಅತ್ತಿಗೆಯನ್ನು ಇನ್ನು ಒಲೆಯ ಹತ್ತಿರ ಬಿಡಬೇಡ ಅಣ್ಣ, ಗ್ಯಾಸ್ ಸೋರಿದರೂ ಅವರಿಗೆ ಗೊತ್ತಾಗಲಿಕ್ಕಿಲ್ಲ. ತಪ್ಪೇನಿರಲಿಲ್ಲ ಆ ಮಾತಿನಲ್ಲಿ, ಅದಕ್ಕೇ ಅಷ್ಟು ನೋವಾದದ್ದು. ಮರುದಿನದಿಂದ ಇವರೇ ಸೌಟು ಹಿಡಿದರು, ಅಬುಧಾಬಿಯ ರೂಮಿನಲ್ಲಿ ಹದಿನಾರು ವರ್ಷ ಸರದಿಯಂತೆ ಐದು ಜನಕ್ಕೆ ಬೇಯಿಸಿದವರು, ಅನ್ನ, ದಾಲ್, ಹುರಿದ ಮೊಟ್ಟೆ, ನಾನು ಹೊಸ್ತಿಲಲ್ಲಿ ಕೂತು ಅಲಸಂಡೆ ಮುರಿಯುತ್ತಿದ್ದೆ, ಮುರಿದ ಅಲಸಂಡೆ ಇಷ್ಟುದ್ದ ಸಾಲು, ಅಷ್ಟೇ ನನ್ನ ಅಡುಗೆ.

ಮೆಣಸಿಗೆ ಉರಿ ಸಣ್ಣದಿರಲಿ, ಎರಡು ಹನಿ ಎಣ್ಣೆ, ಮೆಣಸು ಉಬ್ಬಿ ಮಿಂಚಬೇಕು, ಮೆಣಸಿನ ಹಾಳೆ ಕಿಟಕಿಯ ಎಡಕ್ಕೆ. ಇದೆಲ್ಲ ಶುರುವಾದದ್ದು ರಶ್ಮಿತಾ ಮದುವೆಯಾಗಿ ಬಂದ ತಿಂಗಳು, ಪುಸ್ತಕ ಬಿಟ್ಟು ಬೇರೆ ತಿಳಿಯದ ಹುಡುಗಿ, ಒಳಗಿನಿಂದ ಕೂಗಿದಳು, ಅತ್ತೆ, ಕೊತ್ತಂಬರಿ ಸಾಕಾ ನೋಡಿ. ಹೋಗಿ ನೋಡಿದೆ, ಸಾಲದು, ಇನ್ನೂ ಸಾಲದು, ಹಾಂ, ಈಗ ಸಾಕು. ಇಳಿಸಿ ಮೂಸಿ ನೋಡಿದ ಹುಡುಗಿ ಬೆರಗಾದಳು, ಪರಿಮಳ ಬರುವುದಿಲ್ಲವಲ್ಲ ನಿಮಗೆ, ಹೇಗೆ ಗೊತ್ತಾಯಿತು. ಬಣ್ಣ ನೋಡಿ. ಯಾವ ಬಣ್ಣ ಅತ್ತೆ, ಕಂದು ಬಣ್ಣವಾ. ಕಂದು ಅಲ್ಲ ಅದು, ಅದಕ್ಕೆ ಹೆಸರೇ ಇಲ್ಲ, ಯೋಚಿಸಿ ಹೇಳಿದೆ, ಪಕ್ಕದ ಮನೆ ಚನಿಯನ ಕರು ಉಂಟಲ್ಲ, ಅದರ ಕಿವಿಯ ಹಿಂದೆ ಇರುವ ಬಣ್ಣ. ನಕ್ಕಳು ಅವಳು, ಪ್ರತಿ ಸಲ ಕರುವನ್ನು ಒಳಗೆ ತರಲಿಕ್ಕೆ ಆಗುತ್ತದಾ, ನಾನೂ ನಕ್ಕೆ, ಎಷ್ಟು ದಿನದ ಮೇಲೆ. ಅಟ್ಟದಲ್ಲಿ ನಮಿತಾಳ ಬಣ್ಣದ ಪೆಟ್ಟಿಗೆ ಇತ್ತು, ನೆಕ್ರಾಜೆಗೆ ಮದುವೆಯಾಗಿ ಹೋದ ನನ್ನ ಮಗಳು ಶಾಲೆಯ ಕಲೋತ್ಸವಕ್ಕೆಂದು ತೆಗೆಸಿಕೊಂಡದ್ದು, ತೆರೆದು ನೋಡಿದರೆ ಹಸಿರು ನೀಲಿ ಪೂರ್ತಿ ಮುಗಿದಿದೆ, ಮಕ್ಕಳ ಚಿತ್ರದಲ್ಲೆಲ್ಲ ಗುಡ್ಡ, ಹೊಳೆ, ತೆಂಗಿನಮರ ತಾನೆ, ಕೆಂಪು, ಹಳದಿ, ಕಂದು, ಕಪ್ಪು ಮಾತ್ರ ಮುಟ್ಟದೆ ಉಳಿದಿದೆ, ನನಗೆ ಬೇಕಾದದ್ದೂ ಅಷ್ಟೆ. ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ಕೂತೆ, ಮೊದಲ ಸಲ ಕೆಸರು, ಎರಡನೆಯದು ಸೆಗಣಿ, ಹಳದಿಗೆ ಕೆಂಪು ತಾಗಿಸಿ ಕಪ್ಪನ್ನು ಕುಂಚದ ತುದಿಯಲ್ಲಿ ತೋರಿಸಿ ತೆಗೆದಾಗ ಹತ್ತಿರ ಬಂತು, ಒಣಗಿದ ಮೇಲೆ ಮತ್ತೆ ತಿಳಿಯಾಯಿತು, ಮತ್ತೆ ಬಳಿದೆ. ಏಳನೆಯ ಹಾಳೆಗೆ ಬಂದಾಗ ಮೂರು ಗಂಟೆ, ಊಟ ಮಾಡಿದ್ದು ನೆನಪಿಲ್ಲ, ಹಸಿವಿರಲಿಲ್ಲ, ಮೈಯಲ್ಲಿ ಏನೋ ಹರಿದಾಡಿದ ಹಾಗೆ, ಮದುವೆಯಾದ ಹೊಸದರಲ್ಲಿ ಮೊದಲ ಸಲ ನನ್ನ ಗಸಿಯನ್ನು ಅತ್ತೆ ಎರಡನೆಯ ಸಲ ಬಡಿಸಿಕೊಂಡಾಗ ಆದ ಹಾಗೆ. ಆಮೇಲೆ ಬಿಡಲೇ ಇಲ್ಲ, ಹುರಿದ ತೆಂಗಿನಕಾಯಿಗೆ ಮೂರು ಹಾಳೆ, ಬೆಲ್ಲದ ಪಾಕಕ್ಕೆ ಒಂದು, ಉಪ್ಪಿನಕಾಯಿಯ ಎಣ್ಣೆ ಮೇಲೆ ಬಂದ ಕೆಂಪಿಗೆ ಎರಡು, ಬಣ್ಣ ನೋಡಲಿಕ್ಕೆಂದೇ ಅಡುಗೆ, ಅಡುಗೆ ಉಂಟೆಂದೇ ಬಣ್ಣ, ಯಾವುದು ಮೊದಲೆಂದು ನನಗೇ ತಿಳಿಯದು. ಇವರು ಅಡುಗೆಮನೆಯ ಗೋಡೆ ನೋಡಿ ಕೇಳಿದರು, ಎಂತದಿದು, ಪೇಂಟಿನ ಅಂಗಡಿಯವರ ಸ್ಯಾಂಪಲ್ಲಾ. ಕೇಳಿದವರು ಮರುದಿನ ಬಂದ್ಯೋಡಿನಿಂದ ಒಂದು ಡಬ್ಬ ಮೊಳೆ ತಂದಿಟ್ಟರು.

ಮೆಣಸು ಆಯಿತು, ಜೀರಿಗೆ ಆಯಿತು, ಕೋಳಿ ಬೇಯುತ್ತಿದೆ, ಇನ್ನು ತೆಂಗಿನಕಾಯಿ, ಎದೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ, ಕೆಟ್ಟ ಕಾಯಿಗೆ ಬಣ್ಣವಿಲ್ಲ, ಹಳಸಿದ್ದೂ ಬಿಳಿ ಹೊಸತೂ ಬಿಳಿ, ಯಾವ ಹಾಳೆ ನೋಡಲಿ. ಕೇಳಬೇಕು ಇವರನ್ನು, ಸ್ವಲ್ಪ ಮೂಸಿ ನೋಡಿ ಎಂದು, ಎರಡು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಕೇಳಿಲ್ಲ, ಸೊಸೆಗೆ ಹೇಳುವುದು ಸುಲಭ, ಇವರಿಗೆ ಯಾಕೋ ನಾಲಗೆ ಏಳುವುದಿಲ್ಲ. ಎರಡು ಕಾಯಿ ಒಡೆದು ಕೊಡಿ ಎಂದಷ್ಟೇ ಹೇಳಿದ್ದೆ. ಕಿಟಕಿಯಿಂದ ಹಿತ್ತಿಲು ಕಾಣುತ್ತದೆ, ಇವರಿಗೆ ನಾನು ಕಾಣುವುದಿಲ್ಲ, ಒಳಗೆ ಕತ್ತಲೆ, ಸುಲಿದ ಕಾಯಿ ಎಡಗೈಯಲ್ಲಿ, ಕತ್ತಿಯ ಹಿಂಬದಿಯಿಂದ ಒಂದು ಏಟು, ನೀರು ಲೋಟಕ್ಕೆ — ಇದೇನು ಮಾಡುತ್ತಿದ್ದಾರೆ. ಒಡೆದ ಕಾಯಿಯ ಅರ್ಧ, ಒಂದು ಗಡಿಯನ್ನು ಮೂಗಿನ ಹತ್ತಿರ ತಂದರು, ಕಣ್ಣು ಮುಚ್ಚಿದರು, ಉದ್ದಕ್ಕೆ ಉಸಿರೆಳೆದರು, ತಟ್ಟೆಗೆ ಹಾಕಿದರು. ಇನ್ನೊಂದು ಗಡಿ, ಮತ್ತೆ ಕಣ್ಣು ಮುಚ್ಚಿ, ಮತ್ತೆ ಉಸಿರು. ಎರಡನೆಯ ಕಾಯಿಗೆ ಹುಬ್ಬು ಗಂಟಾಯಿತು, ಬಾಳೆಯ ಬುಡಕ್ಕೆ ಎಸೆದು ಮಣ್ಣು ಎಳೆದು ಮುಚ್ಚಿದರು, ಅಂಗಳದ ಮೂಲೆಗೆ ಹೋಗಿ ಮೂರನೆಯದನ್ನು ತಂದರು. ಇದು ಇವತ್ತು ಶುರುವಾದ ಅಭ್ಯಾಸವಲ್ಲ. ಮೀನು ಮಾರುವ ಕುಂಞ ಬಂದು ಹೋದ ಮೇಲೆ ಇವರು ಮೀನಿನ ಪ್ಲಾಸ್ಟಿಕ್ ತೊಟ್ಟೆ ಹಿಡಿದು ಹಿತ್ತಿಲಲ್ಲಿ ಅಷ್ಟು ಹೊತ್ತು ನಿಲ್ಲುತ್ತಿದ್ದದ್ದು, ಹಾಲಿನ ಪಾತ್ರೆಯನ್ನು ತಾವೇ ಒಲೆಗೆ ಇಡುತ್ತೇನೆ ಎನ್ನುತ್ತಿದ್ದದ್ದು, ಮಲಗುವ ಮುಂಚೆ ಬಾಗಿಲು ನೋಡಿ ಬರುತ್ತೇನೆಂದು ಅಡುಗೆಮನೆಗೆ ಹೋಗಿ ಸಿಲಿಂಡರಿನ ಬಳಿ ಬಗ್ಗುತ್ತಿದ್ದದ್ದು, ಪ್ರಾಯವಾಯಿತು, ಸಂಶಯ ಹೆಚ್ಚಾಯಿತು ಎಂದು ನಾನು ಸೊಸೆಯ ಹತ್ತಿರ ನಗಾಡುತ್ತಿದ್ದೆ. ಎರಡು ವರ್ಷ, ದಿನಾಲೂ, ನನಗೆ ತಿಳಿಯದ ಹಾಗೆ. ಇವರು ಒಳಗೆ ಬಂದು ತಟ್ಟೆ ಇಟ್ಟರು, ನಾಲ್ಕು ಗಡಿ ಉಂಟು, ಸಾಕಾ. ಮೂರು ಒಡೆದ ಹಾಗೆ ಸದ್ದು ಬಂತು, ಎಂದೆ. ಒಂದರಲ್ಲಿ ನೀರಿರಲಿಲ್ಲ, ಒಣಗಿತ್ತು. ಸುಳ್ಳು, ಮುಖ ನೋಡದೆ ಹೇಳಿದ ಸುಳ್ಳು, ನಾನೂ ಮುಖ ನೋಡಲಿಲ್ಲ, ಸಾಕು, ಇಷ್ಟು ಸಾಕು, ಎಂದು ತುರಿಯಲು ಕೂತೆ, ತುರಿ ಕಣ್ಣಿಗೆ ಮಂಜಾಗಿ ಕಂಡಿತು.

ಬಂದರು, ಒಂದೂವರೆಗೆ, ರಾಜೀವಿಯ ಗಂಡ ಗುಣಪಾಲ ಭಾವ ಹೆದ್ದಾರಿಯ ಹೊಂಡಗಳ ಕಥೆ ಹೇಳುತ್ತಲೇ ಕೈ ತೊಳೆದರು, ಜ್ಯೋತ್ಸ್ನಾ ಎಷ್ಟು ಉದ್ದ ಬೆಳೆದಿದ್ದಾಳೆ, ಲಂಗ ಹೋಗಿ ಜೀನ್ಸು ಬಂದಿದೆ. ರೊಟ್ಟಿ ಮುರಿದು ಹಾಕಿ ಮೇಲೆ ಗಸಿ ಬಡಿಸಿದೆ, ಬಿಸಿ ಗಸಿಗೆ ರೊಟ್ಟಿ ಮೆತ್ತಗಾಗುವ ಸದ್ದು. ಹುಡುಗಿ ಮೊದಲ ತುತ್ತನ್ನು ಮೂಗಿನ ಹತ್ತಿರ ಹಿಡಿದಳು, ರಾಜೀವಿ ಮೇಜಿನ ಕೆಳಗೆ ಅವಳ ತೊಡೆ ಚಿವುಟಿದ್ದು ನನಗೆ ಕಂಡಿತು. ಮೂಸಲಿ ಬಿಡು ರಾಜೀವಿ, ಎಂದೆ, ಮೂಸಿಯೇ ತಿನ್ನು ಮಗಾ, ಬೇಡ ಅನಿಸಿದರೆ ಬಿಡು, ಮಾಮಿ ಎಂತದೂ ಹೇಳುವುದಿಲ್ಲ. ಇವರ ಕೈ ತಟ್ಟೆಯ ಮೇಲೆ ನಿಂತಿತ್ತು. ಹುಡುಗಿ ತಿಂದಳು, ಇನ್ನೊಂದು ತುತ್ತು, ಮತ್ತೆ ತಲೆ ಎತ್ತದೆ ತಿಂದು ತಟ್ಟೆ ಮುಂದಕ್ಕೆ ಸರಿಸಿದಳು, ಇನ್ನೂ ರೊಟ್ಟಿ ಉಂಟಾ ಮಾಮಿ. ರಾಜೀವಿ ನಿಧಾನ ತಿನ್ನುವವಳು, ಬೆರಳು ಚೀಪಿ ಇವರ ಕಡೆ ತಿರುಗಿದಳು, ಅಣ್ಣ, ಅಮ್ಮ ಮಾಡುತ್ತಿದ್ದ ಹಾಗೇ ಆಗಿದೆ. ನಾನೂ ಉಂಡೆ, ನನ್ನ ಬಾಯಿಗೆ ಬಂದದ್ದು ಉಪ್ಪು, ಖಾರ, ಬಿಸಿ, ಅವರ ಮುಖಗಳಿಂದಲೇ ಉಳಿದದ್ದು ತಿಳಿದುಕೊಂಡೆ. ಕೈ ತೊಳೆದು ಹುಡುಗಿ ಅಡುಗೆಮನೆಯ ಗೋಡೆಯ ಮುಂದೆ ನಿಂತಳು, ಇದೆಲ್ಲ ಹೆಚ್ಚುಕಡಿಮೆ ಒಂದೇ ಬಣ್ಣವಲ್ಲವಾ ಮಾಮಿ. ಸರಿಯಾಗಿ ನೋಡು, ಒಂಬತ್ತು ಉಂಟು. ಎಣಿಸಿದಳು, ಎಣಿಸುತ್ತಾ ದನಿ ತಗ್ಗಿತು, ಅವಳ ಹಿಂದೆ ರಾಜೀವಿ ಬಂದು ನಿಂತಳು, ಪ್ರತಿಯೊಂದರ ಅಡಿಯ ಅಕ್ಷರ ಓದಿದಳು. ಅತ್ತಿಗೆ, ಕೊತ್ತಂಬರಿಯದ್ದು ನನಗೆ ಕೊಡಿ, ನಾನು ಯಾವಾಗಲೂ ಕರಟಿಸುತ್ತೇನೆ. ಫೋಟೋ ತೆಗೆದುಕೋ. ಬೇಡ, ಫೋನಿನಲ್ಲಿ ಬಣ್ಣ ಬೇರೆಯೇ ಬರುತ್ತದೆ, ಹಾಳೆಯೇ ಕೊಡಿ. ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟೆ, ಅವಳು ಅದನ್ನು ಕಾರಿನ ಹಿಂದೆ ಹಾಕದೆ ಮಡಿಲಲ್ಲಿಟ್ಟುಕೊಂಡು ಕೂತಳು.

ಈಗ ನಾಲ್ಕು ಗಂಟೆ ಇರಬಹುದು, ಪಾತ್ರೆ ಬೋರಲು ಹಾಕಿ ಆಯಿತು, ಇವರು ಜಗಲಿಯ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದಾರೆ, ಮೊಳೆ ಖಾಲಿ, ರಶ್ಮಿತಾ ಬರುವ ಮುಂಚೆ ಕೊತ್ತಂಬರಿಯನ್ನು ಮತ್ತೆ ಬಳಿಯಬೇಕು, ಹೊಸ ಹಾಳೆ, ನೀರಿನ ಲೋಟ, ಹಳದಿಗೆ ಕೆಂಪು ತಾಗಿಸಿ ಕಪ್ಪನ್ನು ತೋರಿಸಿ ತೆಗೆ — ಕೈ ಅದಕ್ಕೆ ಹೋಗುವುದಿಲ್ಲ. ಕೈ ಬೇರೆ ಏನನ್ನೋ ಕೇಳುತ್ತಿದೆ, ಒಂದು ಗೆರೆ ಬಾಗಿ ಬಂತು, ಅರ್ಧ ವೃತ್ತ, ಕಂದು ಚಿಪ್ಪು, ಒಳಗಿನ ಬಿಳಿಗೆ ಪೆಟ್ಟಿಗೆಯಲ್ಲಿ ಬಿಳಿಯಿಲ್ಲ, ಹಾಳೆಯನ್ನೇ ಹಾಗೆ ಬಿಟ್ಟುಬಿಡು, ಬಿಟ್ಟರೆ ಅದೇ ಬಿಳಿ. ಮನುಷ್ಯರನ್ನು ಬರೆದವಳಲ್ಲ ನಾನು, ಮೂಗು ಬರೆಯಲು ಬರುವುದಿಲ್ಲ, ಸೊಟ್ಟಗಾಯಿತು, ಇರಲಿ, ಇವರದ್ದು ಸೊಟ್ಟವೇ, ಹಣೆ, ಹುಬ್ಬು, ಕಿವಿಯ ಮೇಲೆ ನರೆತ ಕೂದಲು ನಾಲ್ಕು, ಬೆನ್ನಿಗೆ ಬಾಳೆ, ಹಸಿರಿಲ್ಲ, ಬೇಡ, ಬಾಳೆ ಬೇಡ, ಹಿತ್ತಿಲು ಬೇಡ, ಬರೀ ಇವರು, ಕೈಯಲ್ಲಿ ಗಡಿ, ಇನ್ನು ಕಣ್ಣು, ಮುಚ್ಚಿದ ಕಣ್ಣಿಗೆ ಒಂದೇ ಗೆರೆ ಸಾಕು, ಕುಂಚದ ತುದಿಯಲ್ಲಿ ಬಣ್ಣ ತುಂಬಿ ನಿಂತಿದೆ, ಗೆರೆ ಎಳೆಯುವ ಮುಂಚೆ ಹಿತ್ತಿಲಿನ ಆ ಗಳಿಗೆಯನ್ನು ಮನಸ್ಸಿನಲ್ಲಿ ಇನ್ನೊಮ್ಮೆ ನೋಡಬೇಕು — ಕಣ್ಣು ಮುಚ್ಚಿದ್ದಾರೆ, ಗಡಿ ಮೂಗಿನ ಹತ್ತಿರ, ಉಸಿರೆಳೆಯುತ್ತಿದ್ದಾರೆ — ಕಣ್ಣು ಮುಚ್ಚಿದ್ದಾರೆ, ಗಡಿ ಮೂಗಿನ ಹತ್ತಿರ —